ನಳದ ನೀರಿನ ಒತ್ತಡ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆ

ನಳಕ್ಕೆ ಪ್ರೆಶರ್ ಇಲ್ಲ ಎಂಬ ದೂರಿನೊಳಗೆ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ನೀರು ಬೇಕಾದ ಎತ್ತರಕ್ಕೆ ಏರದಿರುವುದು ಒಂದು. ಏರಿದರೂ ಸಣ್ಣ ಧಾರೆಯಾಗಿ ಬಂದು, ಕೊಡ ತುಂಬಲು ಹೊತ್ತು ಹಿಡಿಯುವುದು ಇನ್ನೊಂದು. ಮೊದಲನೆಯದು ಎತ್ತರದ ಲೆಕ್ಕ, ಎರಡನೆಯದು ದಾರಿಯ ಇಕ್ಕಟ್ಟು. ಬೆಳಗಾವಿ ಜಿಲ್ಲೆಯ ಬಡಗಣ ಭಾಗದ ಈ ಐದು ತಾಲ್ಲೂಕುಗಳಲ್ಲಿ ಎರಡಕ್ಕೂ ಜನ ಹುಡುಕುವ ಮದ್ದು ಒಂದೇ, ಮೋಟಾರ್. ಒತ್ತಡ ಎಲ್ಲಿ ಕಳೆದುಹೋಯಿತು ಎಂದು ಮೊದಲು ನೋಡಿದರೆ, ಅನೇಕ ಮನೆಗಳಲ್ಲಿ ಮೋಟಾರಿನ ಮಾತೇ ಬರುವುದಿಲ್ಲ.

ನದಿ ಕೆಳಗೆ, ಊರು ಮೇಲೆ

ಮಹಾರಾಷ್ಟ್ರದಿಂದ ಇಳಿದು ಬರುವ ಕೃಷ್ಣೆ ಕರ್ನಾಟಕದಲ್ಲಿ ಮೊದಲು ಕಾಣುವುದು ಈ ಸೀಮೆಯನ್ನೇ. ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗೆ ಕಲ್ಲೋಳ, ಯಡೂರುಗಳ ಹತ್ತಿರ ಅದನ್ನು ಸೇರುತ್ತದೆ. ಮುಂದೆ ನದಿಯ ಬಡಗಣ ದಂಡೆಗೆ ಕಾಗವಾಡ, ಅಥಣಿ ತಾಲ್ಲೂಕುಗಳು, ತೆಂಕಣ ದಂಡೆಗೆ ಚಿಕ್ಕೋಡಿ, ರಾಯಬಾಗ ತಾಲ್ಲೂಕುಗಳು. ಭೂಪಟ ನೋಡಿದವರಿಗೆ ಇಲ್ಲಿ ನೀರಿಗೆ ಬರವಿದೆ ಎಂದು ನಂಬುವುದು ಕಷ್ಟ. ಆದರೆ ನದಿ ಕಣಿವೆಯ ತಳದಲ್ಲಿದೆ, ಜನವಸತಿಯ ಬಹುಪಾಲು ದಿಬ್ಬದ ಮೇಲಿದೆ. ಚಿಕ್ಕೋಡಿ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದ್ದು, ಕೃಷ್ಣೆಯ ಪಾತ್ರ ಅದಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಅಥಣಿ ಅಷ್ಟು ಎತ್ತರದಲ್ಲಿಲ್ಲ, ಸುಮಾರು 550 ಮೀಟರ್; ಆದರೆ ಅದು ನದಿಯಿಂದ ದೂರ. ನಿಪ್ಪಾಣಿಗೆ ಜವಾಹರ ಕೆರೆಯೂ ಯಮಗರ್ಣಿಯ ಕಡೆಯ ವೇದಗಂಗೆಯೂ ಆಸರೆ. ಅಥಣಿ ತಾಲ್ಲೂಕಿನ ಹಳ್ಳಿಗಳಾದ ತೆಲಸಂಗ, ಅನಂತಪುರಗಳ ಸುತ್ತಿನಲ್ಲಿ ಬೇಸಿಗೆಯ ಟ್ಯಾಂಕರ್ ಹೊಸ ಸುದ್ದಿಯೇನಲ್ಲ.

ಹೀಗಾಗಿ ನೀರನ್ನು ಎತ್ತುವುದು ಈ ಸೀಮೆಯ ನಿತ್ಯದ ಕೆಲಸ. ನದಿಯ ದಂಡೆಯ ಜಾಕವೆಲ್ಲಿನಿಂದ (ನೀರೆತ್ತುವ ಬಾವಿಯಿಂದ) ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ಎತ್ತರದ ಟಾಕಿಗೆ, ಟಾಕಿಯಿಂದ ಓಣಿಗೆ ನೀರು ಸಾಗುತ್ತದೆ. ಐನಾಪುರದ ಬಳಿಯಿಂದ ನೀರೆತ್ತುವ ಖಿಳೇಗಾಂವ ಬಸವೇಶ್ವರ ಏತ ನೀರಾವರಿಯ ಹೆಸರು ಕಾಗವಾಡ ಸೀಮೆಯ ಮಕ್ಕಳ ಬಾಯಲ್ಲೂ ಇದೆ. ಕಬ್ಬಿನ ಹೊಲಕ್ಕೆ ನದಿಯಿಂದ ಮೈಲುಗಟ್ಟಲೆ ಪೈಪ್‌ಲೈನ್ ಎಳೆದ ರೈತನಿಗೆ ಎಷ್ಟು ಅಡಿ ಹೆಡ್ಡಿಗೆ, ಅಂದರೆ ನೀರೇರಬೇಕಾದ ಎತ್ತರಕ್ಕೆ, ಎಷ್ಟು ಎಚ್‌ಪಿ ಬೇಕು, ಏರ್‌ವಾಲ್ವ್ ಯಾವ ದಿಬ್ಬದ ಮೇಲೆ ಕೂರಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ. ಅದೇ ರೈತ ಮನೆ ಕಟ್ಟಿಸುವಾಗ ಮಾತ್ರ ಗೌಂಡಿ ತಂದು ಹಾಕಿದ ಅರ್ಧ ಇಂಚಿನ ಪೈಪಿನ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಎತ್ತರದ ಈ ಲೆಕ್ಕ ಇಲ್ಲಿಗೆ ಹೊಸದಲ್ಲ. ಅಥಣಿಯ ಪಕ್ಕದ ಸೀಮೆಯಾದ ವಿಜಯಪುರದಲ್ಲಿ ಆದಿಲಶಾಹಿಗಳು ತೊರವಿಯಿಂದಲೂ ಬೇಗಂ ತಲಾಬಿನಿಂದಲೂ ನೆಲದೊಳಗಿನ ಕಾಲುವೆ, ಕೊಳವೆಗಳ ಮೂಲಕ ಊರಿಗೆ ನೀರು ತಂದರು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ಕಟ್ಟಿದರು. ಕೊಳವೆ ಒಡೆಯದಂತೆ ಒತ್ತಡವನ್ನು ತಗ್ಗಿಸುವುದು, ಕೆಸರು ತಳದಲ್ಲಿ ಕೂರುವಂತೆ ಮಾಡುವುದು ಅವುಗಳ ಕೆಲಸ. ಹದಿನೇಳನೆಯ ಶತಮಾನದ ವಿಜಯಪುರದ ಎಂಜಿನಿಯರಿಗೆ ಒತ್ತಡ ಹೆಚ್ಚಾದೀತೆಂಬ ಚಿಂತೆಯಿತ್ತು! ಆ ಗೋಪುರಗಳಲ್ಲಿ ಕೆಲವು ಇಂದಿಗೂ ನಿಂತಿವೆ.

ಒತ್ತಡದ ಲೆಕ್ಕ

ಹತ್ತು ಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರ ಹಾಕುತ್ತದೆ. ಅಂಗಡಿಯವರು ‘ಒಂದು ಕೆಜಿ ಪ್ರೆಶರ್’ ಎನ್ನುವುದು ಇದನ್ನೇ. ಟಾಕಿ ಎಷ್ಟು ದೊಡ್ಡದು, ಅದರಲ್ಲಿ ಎಷ್ಟು ಲೀಟರ್ ಇದೆ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ನೀರಿನ ಮಟ್ಟಕ್ಕೂ ನಳಕ್ಕೂ ನಡುವಿನ ಎತ್ತರವೊಂದೇ ಬರುತ್ತದೆ. ಐದು ನೂರು ಲೀಟರ್ ಸಾಲದೆಂದು ಸಾವಿರ ಲೀಟರಿನ ಸಿಂಟೆಕ್ಸ್ ತಂದು ಅದೇ ಜಾಗದಲ್ಲಿ ಕೂರಿಸಿದವರಿಗೆ ನೀರು ಹೆಚ್ಚು ದಿನ ಬಂದೀತು, ಜೋರಾಗಿ ಬಾರದು.

ಒಂದಂತಸ್ತಿನ ಮನೆಯ ಮಾಳಿಗೆ ಹತ್ತು ಅಡಿ ಎತ್ತರದಲ್ಲಿದ್ದು, ಅದರ ಮೇಲೆ ಎರಡಡಿ ಕಟ್ಟೆ ಕಟ್ಟಿ ಟಾಕಿ ಇಟ್ಟಿದ್ದಾರೆ ಎನ್ನೋಣ. ಬಚ್ಚಲಿನ ಶವರ್ ಏಳಡಿಯಲ್ಲಿದ್ದರೆ, ಟಾಕಿಯ ತಳಕ್ಕೂ ಶವರಿಗೂ ನಡುವೆ ಉಳಿಯುವುದು ಐದಡಿ. ಕಾಲು ಕೆಜಿಯೂ ಇಲ್ಲ, 0.15 ಕೆಜಿ ಅಷ್ಟೆ. ಎರಡಂತಸ್ತಿನ ಮನೆಯಲ್ಲಿ ಕೆಳಗಿನವರಿಗೆ ಧಾರೆ ಜೋರು, ಮೇಲಿನ ಅಂತಸ್ತಿನವರಿಗೆ ಸೊರಗಿದ ಧಾರೆ. ಒಂದೇ ಟಾಕಿಯ ಕೆಳಗೆ ಅಣ್ಣ ತಮ್ಮಂದಿರ ಸಂಸಾರಗಳು ಬೇರೆ ಬೇರೆ ನಳ ಅನುಭವಿಸುವುದು ಹೀಗೆ.

ಊರಿನ ಸರಬರಾಜಿಗೂ ಇಂಥದ್ದೇ ಅಳತೆ ಇದೆ. ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿ, ಮನೆಯ ಸಂಪರ್ಕದ ಜಾಗದಲ್ಲಿ ಒಂದಂತಸ್ತಿನ ಕಟ್ಟಡಕ್ಕೆ ಕನಿಷ್ಠ 7 ಮೀಟರ್, ಎರಡಂತಸ್ತಿಗೆ 12, ಮೂರಕ್ಕೆ 17 ಮೀಟರ್ ಒತ್ತಡ ಉಳಿದಿರಬೇಕೆಂದು ಹೇಳಿತು. ಟಾಕಿಯ ಹತ್ತಿರದ ತಗ್ಗಿನ ಓಣಿಗೆ ಇದು ಸಿಕ್ಕೀತು. ಓಣಿಯ ತುದಿಯ, ದಿಬ್ಬದ ಮೇಲಿನ ಮನೆಗೆ ಎರಡು ಮೀಟರ್ ಸಿಕ್ಕರೆ ಪುಣ್ಯ.

ಸರದಿಯ ನೀರು

ಇಲ್ಲಿನ ಪಟ್ಟಣಗಳಲ್ಲಿ ನೀರು ದಿನವಿಡೀ ಬರುವುದಕ್ಕಿಂತ ಸರದಿಯ ಮೇಲೆ ಬಿಡುವುದೇ ರೂಢಿಯಾಗಿ ಬಂದದ್ದು. ವಾಲ್‌ಮನ್ ಒಂದು ಓಣಿಯ ವಾಲ್ವ್ ತಿರುವಿದ ಕೂಡಲೇ ನಳಗಳು ಮೊದಲು ಬುಸುಗುಡುತ್ತವೆ. ಖಾಲಿ ಪೈಪಿನಲ್ಲಿ ತುಂಬಿದ್ದ ಗಾಳಿ ಅದು; ಮೀಟರ್ ಇದ್ದರೆ ಗಾಳಿಗೂ ತಿರುಗುತ್ತದೆ. ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಬಿಟ್ಟ ಎರಡು ತಾಸಿನಲ್ಲಿ ಓಣಿಯವರೆಲ್ಲ ಒಮ್ಮೆಗೇ ಹಿಡಿಯುವುದರಿಂದ ಪೈಪಿನಲ್ಲಿ ಹರಿವು ಅದರ ಅಳತೆಗಿಂತ ಹಲವು ಪಟ್ಟಾಗುತ್ತದೆ, ಒತ್ತಡ ಕುಸಿಯುತ್ತದೆ. ಅದೇ ನೀರು ಇಪ್ಪತ್ತನಾಲ್ಕು ತಾಸಿಗೆ ಹಂಚಿಕೊಂಡು ಹರಿದಿದ್ದರೆ ಅದೇ ಪೈಪಿನಲ್ಲಿ ಒತ್ತಡ ಉಳಿಯುತ್ತಿತ್ತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಭಾಗಗಳಲ್ಲಿ 2008ರ ಸುಮಾರಿಗೆ ಆರಂಭವಾದ ನಿರಂತರ ನೀರಿನ ಪ್ರಾಯೋಗಿಕ ಯೋಜನೆ ನಿಂತದ್ದು ಈ ತರ್ಕದ ಮೇಲೆ.

ಎರೆ ಮಣ್ಣಿನ ನೆಲವೂ ಸುಮ್ಮನಿರುವುದಿಲ್ಲ. ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬುವ ಈ ಮಣ್ಣು ಹಳೆಯ ಪೈಪಿನ ಕೂಡುಗಳನ್ನು ಎಳೆದು ಸಡಿಲಿಸುತ್ತದೆ. ಆಳಕ್ಕೆ ಹೂಳದ ಪೈಪಿನ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುತ್ತದೆ. ರಸ್ತೆಯಲ್ಲಿ ಒಂದೇ ಜಾಗ ಸದಾ ತೇವವಾಗಿದ್ದರೆ, ಅದರಾಚೆಯ ಮನೆಗಳ ಒತ್ತಡ ಅಲ್ಲೇ ನೆಲ ಸೇರುತ್ತಿದೆ.

ನಳಕ್ಕೇ ಮೋಟಾರ್

‘ನೀರು ಏರವಲ್ದು’ ಎಂದಾಗ ನಳಕ್ಕೇ ಅರ್ಧ ಎಚ್‌ಪಿ ಮೋಟಾರ್ ಹಚ್ಚುವುದು ಈ ಊರುಗಳ ಹಳೆಯ ಚಾಳಿ. ಒಂದು ಮನೆ ಹಚ್ಚಿದರೆ ಪಕ್ಕದ ಮನೆಯ ಧಾರೆ ನಿಲ್ಲುತ್ತದೆ. ಅವರು ಒಂದು ಎಚ್‌ಪಿ ತರುತ್ತಾರೆ. ಕೊನೆಗೆ ಓಣಿಗೆಲ್ಲ ಮೋಟಾರ್ ಇದ್ದು, ಯಾರಿಗೂ ಮೊದಲಿಗಿಂತ ಹೆಚ್ಚು ನೀರಿಲ್ಲ, ಕರೆಂಟ್ ಬಿಲ್ ಮಾತ್ರ ಎಲ್ಲರಿಗೂ. ಹೆಸ್ಕಾಂ ಲೈನ್ ಹೋದ ಹೊತ್ತಿನಲ್ಲಿ ನೀರು ಬಿಟ್ಟರೆ, ಮೋಟಾರಿಲ್ಲದ ಬಡವರ ಮನೆಯ ನಳ ಜೋರಾಗಿ ಸುರಿಯುವುದನ್ನು ಯಾರು ಬೇಕಾದರೂ ನೋಡಬಹುದು. ಒತ್ತಡ ಪೈಪಿನಲ್ಲೇ ಇತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಇದು ಬರಿಯ ನ್ಯಾಯದ ಮಾತಲ್ಲ. ಮೋಟಾರ್ ಎಳೆದಾಗ ಮುಖ್ಯ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯುತ್ತದೆ. ಆಗ ಬಿರುಕಿನಿಂದ ನೀರು ಹೊರಗೆ ಸೋರುವ ಬದಲು, ಹೊರಗಿನದು ಒಳಗೆ ಬರುತ್ತದೆ. ಪೈಪು ಗಟಾರವನ್ನು ದಾಟುವ ಕಡೆ ಹೊರಗಿರುವುದು ಏನೆಂದು ಹೇಳಬೇಕಿಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಹುಬ್ಬಳ್ಳಿ-ಧಾರವಾಡದ ನಳಗಳ ನೀರನ್ನು ಪರೀಕ್ಷಿಸಿ 2013 ಮತ್ತು 2014ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಸರದಿಯ ನೀರಿನಲ್ಲಿ ಮಲಿನತೆಯ ಸೂಚಕ ಬ್ಯಾಕ್ಟೀರಿಯಾ ನಿರಂತರ ನೀರಿಗಿಂತ ಹೆಚ್ಚು ಬಾರಿ ಕಂಡಿತು. ನೀರು ಬಿಟ್ಟ ಮೊದಲ ಹೊತ್ತು, ಒತ್ತಡ ತೀರ ತಗ್ಗಿದ ಹೊತ್ತು, ಇವೆರಡೂ ಕೆಟ್ಟವು. ಮೊದಲ ಕೆಲವು ಕೊಡಗಳ ನೀರನ್ನು ಕುಡಿಯಲು ಇಡದೆ ಬಟ್ಟೆಗೆ, ಗಿಡಕ್ಕೆ ಬಳಸುವ ಮನೆಯವರು ಸರಿಯಾದುದನ್ನೇ ಮಾಡುತ್ತಿದ್ದಾರೆ. ಮುಖ್ಯ ಪೈಪಿಗೆ ನೇರವಾಗಿ ಹಚ್ಚಿದ ಮೋಟಾರನ್ನು ಪುರಸಭೆಗಳು ಆಗಾಗ ಜಪ್ತಿ ಮಾಡುತ್ತವೆ. ಕೆಲವು ದಿನ ಓಣಿ ಸುಧಾರಿಸುತ್ತದೆ, ಮತ್ತೆ ಅದೇ ಹಾಡು.

ನಳಕ್ಕೇ ಮೋಟಾರ್ ಹಚ್ಚುವುದಕ್ಕೆ ಬದಲು ಹೌದ, ಅಂದರೆ ನೆಲದೊಳಗಿನ ನೀರಿನ ತೊಟ್ಟಿ. ನೆಲದೊಳಗೆ ಐದಡಿ ಇಳಿದ ಹೌದಕ್ಕೆ ನಳದ ನೀರು ತಾನಾಗಿ ಬೀಳುತ್ತದೆ. ಮಾಳಿಗೆಗೆ ಏರದ ನೀರು, ಅಂಗಳದ ನಳಕ್ಕೂ ಏರದ ನೀರು ಹೌದಕ್ಕೆ ಇಳಿಯುತ್ತದೆ. ತುದಿಯ ಓಣಿಯಲ್ಲಿ ಆ ಐದಡಿಯ ಇಳಿತವೇ ಮನೆಗೆ ದಕ್ಕುವ ಒತ್ತಡ. ಅಲ್ಲಿಂದ ಮಾಳಿಗೆಯ ಟಾಕಿಗೆ ಮೋಟಾರ್ ಹಚ್ಚಿದರೆ ಯಾರಿಗೂ ಕೇಡಿಲ್ಲ. ಕೆಲವು ನಿಯಮ ಮಾತ್ರ ಬೇಕು: ಒಳಬರುವ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಖಾಲಿ ಪೈಪು ಹೌದದ ನೀರನ್ನೇ ವಾಪಸು ಎಳೆಯುತ್ತದೆ, ಫ್ಲೋಟ್ ವಾಲ್ವ್ ಇರಬೇಕು, ಮುಚ್ಚಳ ನೆಲದಿಂದ ಅರ್ಧ ಅಡಿಯಾದರೂ ಎದ್ದಿರಬೇಕು, ಹೌದ ಶೌಚದ ಗುಂಡಿಯಿಂದ ದೂರವಿರಬೇಕು. ಹೌದ ಕಟ್ಟಲಾಗದವರು ರಸ್ತೆಬದಿಯಲ್ಲಿ ಗುಂಡಿ ತೋಡಿ ಅದರೊಳಗೆ ನಳ ಇಡುತ್ತಾರೆ. ಭೌತಶಾಸ್ತ್ರ ಒಂದೇ, ಆದರೆ ಮಳೆಗಾಲದಲ್ಲಿ ಆ ಗುಂಡಿ ಗಟಾರದ ತಮ್ಮನಾಗುತ್ತದೆ.

ಮನೆಯೊಳಗೆ ಹುಡುಕುವುದು

ದೋಷ ಬೀದಿಯದೋ ಮನೆಯದೋ ಎಂಬುದು ಮೊದಲ ಪ್ರಶ್ನೆ. ಅಕ್ಕಪಕ್ಕದವರಿಗೂ ಅದೇ ಹೊತ್ತಿಗೆ ಕಡಿಮೆಯಾಗಿದ್ದರೆ ಬೀದಿಯದು. ಮನೆಯ ಒಂದೇ ನಳ ಸಣ್ಣಗೆ ಬರುತ್ತಿದ್ದರೆ ಆ ನಳದ್ದು. ಬಿಸಿನೀರು ಮಾತ್ರ ಕಡಿಮೆಯಾದರೆ ಗೀಸರ್ ಅಥವಾ ಸೋಲಾರಿನ ದಾರಿಯದು. ಎಲ್ಲ ನಳಗಳೂ ಒಮ್ಮೆಗೇ ಸೊರಗಿದ್ದರೆ ಟಾಕಿಯ ಬಾಯಿ, ಮುಖ್ಯ ವಾಲ್ವ್, ಇಳಿಯುವ ಪೈಪು, ಈ ಮೂರರಲ್ಲಿ ಒಂದು.

ಅಳೆಯಲು ಗೇಜ್ ಬೇಕಿಲ್ಲ. ಗೌಂಡಿಗಳು ಗೋಡೆಯ ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನು ನಳಕ್ಕೆ ಬಿಗಿದು, ಮೇಲಕ್ಕೆ ಎತ್ತಿ ಹಿಡಿದು, ನಳ ತಿರುವಿದರೆ ನೀರು ಎಲ್ಲಿ ನಿಲ್ಲುತ್ತದೋ ಅಷ್ಟೇ ಅದರ ಒತ್ತಡ. ನಳದಿಂದ ಒಂದು ಮೀಟರ್ ಮೇಲೆ ನಿಂತರೆ 0.1 ಕೆಜಿ. ಇದು ನಿಂತ ನೀರಿನ ಒತ್ತಡ. ಹರಿವನ್ನು ತಿಳಿಯಲು 20 ಲೀಟರಿನ ಕ್ಯಾನ್ ಮತ್ತು ಗಡಿಯಾರ ಸಾಕು: ಎರಡು ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ ಹತ್ತು ಲೀಟರ್, ಮನೆಗೆ ಧಾರಾಳ. ಈ ಎರಡು ಅಳತೆಗಳನ್ನು ಕೂಡಿಸಿ ನೋಡಿದರೆ ರೋಗ ಬಯಲಾಗುತ್ತದೆ. ನಿಂತ ನೀರು ಟಾಕಿಯ ಮಟ್ಟಕ್ಕೇ ಏರಿ, ಹರಿವು ಮಾತ್ರ ಕಡಿಮೆಯಿದ್ದರೆ ದಾರಿಯಲ್ಲಿ ಅಡ್ಡಿಯಿದೆ. ಪೈಪು ಎಷ್ಟೇ ಕಟ್ಟಿದ್ದರೂ ನೀರು ಹರಿಯದೆ ನಿಂತಾಗ ಒತ್ತಡ ಪೂರ್ತಿ ತೋರುತ್ತದೆ. ನಿಂತ ನೀರೇ ಏರದಿದ್ದರೆ ಎತ್ತರದ ಕೊರತೆ, ಅದಕ್ಕೆ ಸ್ವಚ್ಛತೆ ಮದ್ದಲ್ಲ. ಮೆಕ್ಯಾನಿಕ್ ಬಂದು ಗೋಡೆ ಒಡೆಯುವ ಮೊದಲು ಈ ಪರೀಕ್ಷೆ ಮಾಡಿಕೊಳ್ಳುವುದು ಲೇಸು.

ಅಡ್ಡಿಗಳಲ್ಲಿ ಅಗ್ಗದವು ಮೊದಲು. ನಳದ ಬಾಯಿಯ ಜಾಲರಿಯಲ್ಲಿ ಮರಳು, ತುಕ್ಕಿನ ಚೂರು, ಸುಣ್ಣ ಕೂತಿರುತ್ತದೆ. ಬಿಚ್ಚಿ ಲಿಂಬೆರಸದಲ್ಲೋ ವಿನೆಗರ್‌ನಲ್ಲೋ ರಾತ್ರಿ ನೆನೆಸಿಟ್ಟರೆ ಸುಣ್ಣ ಕರಗುತ್ತದೆ. ಸಿಂಕಿನ ಕೆಳಗಿನ ಆ್ಯಂಗಲ್ ಕಾಕ್ ಅರ್ಧ ಮುಚ್ಚಿರಬಹುದು, ಮೆದು ಪೈಪು ಮಡಚಿಕೊಂಡಿರಬಹುದು. ಮೀಟರ್ ಇದ್ದ ಕಡೆ ಅದರೊಳಗಿನ ಜರಡಿ ನೋಡಬೇಕು. ಹಳೆಯ ಗೇಟ್ ವಾಲ್ವಿನದು ಕಪಟ: ಒಳಗಿನ ತಟ್ಟೆ ಕಡ್ಡಿಯಿಂದ ಕಳಚಿ ಕೆಳಗೆ ಬಿದ್ದಿರುತ್ತದೆ, ಮೇಲಿನ ಚಕ್ರ ಮಾತ್ರ ಸಲೀಸಾಗಿ ತಿರುಗುತ್ತದೆ, ಮನೆಯವರು ತೆರೆದಿದೆ ಎಂದೇ ನಂಬಿರುತ್ತಾರೆ. ಅದನ್ನು ತೆಗೆದು ಬಾಲ್ ವಾಲ್ವ್ ಹಾಕುವುದೇ ದಾರಿ.

ಬೋರಿನ ಗಡಸು ನೀರು ಬಳಸುವ ಮನೆಗಳಲ್ಲಿ ಸುಣ್ಣದ ಕಾಟ ಹೆಚ್ಚು. ನೀರು ಕಾದಷ್ಟೂ ಸುಣ್ಣ ಬೇಗ ಕೂರುವುದರಿಂದ ಗೀಸರ್, ಸೋಲಾರ್ ಕೊಳವೆಗಳೇ ಮೊದಲು ಕಟ್ಟುತ್ತವೆ. ಮೂವತ್ತು ನಲವತ್ತು ವರ್ಷದ ಜಿಐ ಪೈಪಿನೊಳಗೆ ತುಕ್ಕಿನ ಗಂಟುಗಳು ಬೆಳೆದು, ಹೊರಗಿನಿಂದ ಅರ್ಧ ಇಂಚು ಕಾಣುವುದು ಒಳಗೆ ಪೆನ್ಸಿಲಿನಷ್ಟು ಉಳಿದಿರುತ್ತದೆ. ಅಂಥದ್ದನ್ನು ಆ್ಯಸಿಡ್ ಹಾಕಿ ತೊಳೆಯಹೋಗಬಾರದು. ಪೈಪನ್ನು ಹಿಡಿದು ನಿಲ್ಲಿಸಿದ್ದೇ ತುಕ್ಕು ಆಗಿರಬಹುದು. ಹೊಸ ಸಿಪಿವಿಸಿ ಎಳೆಯುವುದೇ ಲೇಸು.

ಪೈಪಿನ ಅಳತೆಯ ವಿಷಯದಲ್ಲಿ ಮನೆ ಕಟ್ಟುವವರು ತೋರುವ ಜಿಪುಣತನಕ್ಕೆ ಅರ್ಥವಿಲ್ಲ. ಒಳಗೆ 15 ಮಿಲಿಮೀಟರ್ ಇರುವ ಹೊಸ ಪೈಪಿನಲ್ಲಿ ನಿಮಿಷಕ್ಕೆ ಹತ್ತು ಲೀಟರ್ ಹರಿದರೆ, ಪ್ರತಿ ಹತ್ತು ಮೀಟರಿಗೆ ಸುಮಾರು 0.9 ಮೀಟರ್ ಒತ್ತಡ ತಿಕ್ಕಾಟದಲ್ಲಿ ಕಳೆಯುತ್ತದೆ. 20 ಮಿಲಿಮೀಟರಿನದಾದರೆ ಕಳೆಯುವುದು ಸುಮಾರು 0.2 ಮೀಟರ್. ಮೇಲೆ ಹೇಳಿದ ಶವರಿಗೆ ಇದ್ದದ್ದೇ ಒಂದೂವರೆ ಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸಣ್ಣ ಪೈಪು ನುಂಗುತ್ತದೆ, ಉಳಿದುದರಲ್ಲಿ ಎಲ್ಬೋಗಳಿಗೂ ಪಾಲಿದೆ. ಟಾಕಿಯಿಂದ ಹೊರಡುವ ಪೈಪು ಒಂದೂಕಾಲು ಅಥವಾ ಒಂದು ಇಂಚು, ಬಚ್ಚಲಿನ ತನಕ ಮುಕ್ಕಾಲು, ನಳದ ಬಳಿ ಮಾತ್ರ ಅರ್ಧ ಇಂಚು ಇರಲಿ. ಅಡುಗೆಮನೆಗೂ ಬಚ್ಚಲಿಗೂ ಬೇರೆ ಬೇರೆ ಇಳಿಪೈಪು ಹಾಕಿದರೆ, ಒಬ್ಬರು ಪಾತ್ರೆ ತೊಳೆಯುವಾಗ ಇನ್ನೊಬ್ಬರ ತಲೆಯ ಮೇಲಿನ ನೀರು ನಿಲ್ಲುವುದಿಲ್ಲ.

ಟಾಕಿ ತೊಳೆದ ಮರುದಿನವೇ ನೀರು ಬಾರದಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಮಾಳಿಗೆಯ ಮೇಲೆ ಪೈಪು ಇಳಿದು ಮತ್ತೆ ಗೋಡೆ ಹತ್ತಿ ಬಾಗುವ ಕಡೆ ಗಾಳಿ ಕೂರುತ್ತದೆ. ಬೀದಿಯ ನೀರು ಬರುವ ನಳಕ್ಕೂ ಕಟ್ಟಿಕೊಂಡ ನಳಕ್ಕೂ ಒಂದು ಪೈಪು ಜೋಡಿಸಿ ಎರಡನ್ನೂ ತೆರೆದರೆ, ಕೆಳಗಿನ ನೀರು ಗಾಳಿಯನ್ನು ಟಾಕಿಗೆ ತಳ್ಳುತ್ತದೆ. ಆದ ಕೂಡಲೇ ಆ ಜೋಡಣೆ ಬಿಚ್ಚಬೇಕು. ಶಾಶ್ವತ ಪರಿಹಾರ ಬೇಕೆಂದರೆ, ಟಾಕಿಯ ಬಾಯಿಯ ಪಕ್ಕದಲ್ಲೇ ಒಂದು ಗಾಳಿ ಪೈಪನ್ನು ಟಾಕಿಯ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಏರಿಸಿ ತೆರೆದು ಬಿಡುವುದು. ನೂರು ಇನ್ನೂರು ರೂಪಾಯಿಯ ಕೆಲಸ. ಅನೇಕ ಮನೆಗಳಲ್ಲಿ ಇಲ್ಲದಿರುವುದೂ ಅದೇ.

ಎತ್ತರವೇ ಕಡಿಮೆಯಾದಾಗ

ಟಾಕಿಯನ್ನು ಒಂದು ಮೀಟರ್ ಮೇಲಕ್ಕೇರಿಸಿದರೆ ಸಿಗುವುದು 0.1 ಕೆಜಿ. ಮೇಲಿನ ಅಂತಸ್ತಿನ ಬಚ್ಚಲಿನ ಒತ್ತಡ ಇದರಿಂದಲೇ ಹೆಚ್ಚುಕಡಿಮೆ ಇಮ್ಮಡಿಯಾಗಬಹುದು. ಆದರೆ ಸಾವಿರ ಲೀಟರ್ ನೀರು ಒಂದು ಟನ್. ಅದನ್ನು ಹೊರುವ ಕಟ್ಟೆ ಗೋಡೆ ಅಥವಾ ತೊಲೆಯ ಮೇಲೆ ನಿಲ್ಲಬೇಕು, ಸ್ಲ್ಯಾಬಿನ ನಡುವೆ ಅಲ್ಲ. ಹಳೆಯ ಮಣ್ಣಿನ ಮಾಳಿಗೆಗಳ ಮೇಲೆ ಈ ಸಾಹಸ ಬೇಡ.

ಅದೂ ಸಾಲದಿದ್ದರೆ ಪ್ರೆಶರ್ ಪಂಪ್. ಅದರ ಜಾಗ ಮಾಳಿಗೆಯ ಟಾಕಿಯ ಹೊರದಾರಿ, ಬೀದಿಯ ನಳವಲ್ಲ. ನಳ ತೆರೆದಾಗ ತಾನೇ ಶುರುವಾಗಿ, ಮುಚ್ಚಿದಾಗ ನಿಲ್ಲುವ ಪಂಪುಗಳು ಈಗ ಸಾಮಾನ್ಯ. ಜೊತೆಗೆ ಪಂಪನ್ನು ಬಳಸಿ ಹೋಗುವ ಒಂದು ಅಡ್ಡದಾರಿ, ಅದರಲ್ಲಿ ನೀರು ಹಿಂದಿರುಗದಂತೆ ತಡೆಯುವ ವಾಲ್ವ್ ಇದ್ದರೆ ಕರೆಂಟ್ ಹೋದಾಗಲೂ ಸಣ್ಣ ಧಾರೆ ಬರುತ್ತದೆ. ಪಂಪ್ ಕೊಳ್ಳುವಾಗ ಎಚ್‌ಪಿ ಕೇಳುವುದಕ್ಕಿಂತ, ಎಷ್ಟು ಮೀಟರ್ ಹೆಡ್ಡಿಗೆ ಎಷ್ಟು ಲೀಟರ್ ಎಂದು ಕೇಳುವುದು ಜಾಣತನ. ಹತ್ತು ಮೀಟರಿನದು ಸಣ್ಣ ಮನೆಗೆ ಸಾಕು. ಸೋಲಾರ್ ಇರುವವರು ಬಿಸಿ, ತಣ್ಣೀರು ಎರಡಕ್ಕೂ ಒತ್ತಡ ಸಮವಾಗಿರುವಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಮಿಕ್ಸರಿನಲ್ಲಿ ಒಂದು ಇನ್ನೊಂದನ್ನು ಹಿಂದಕ್ಕೆ ತಳ್ಳುತ್ತದೆ. ಸೋಲಾರ್ ಟಾಕಿಯನ್ನು ಒತ್ತಡಕ್ಕೆಂದು ಮಾಡಿಲ್ಲದಿದ್ದರೆ ಅದಕ್ಕೆ ಪಂಪ್ ಜೋಡಿಸುವಂತೆಯೇ ಇಲ್ಲ.

ಬೇಸಿಗೆ ಮತ್ತು ಪ್ರವಾಹ

ಮನೆಯೊಳಗೆ ಎಲ್ಲವೂ ಸರಿಯಿದ್ದೂ ನಳ ಸೊರಗುವ ಎರಡು ಕಾಲಗಳಿವೆ. 2019ರ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಒಣಗಿ, ಕೊಯ್ನಾ ಜಲಾಶಯದಿಂದ ನೀರು ಬಿಡಿಸಬೇಕೆಂಬ ಬೇಡಿಕೆ ಜೋರಾಯಿತು. ಅದೇ ವರ್ಷದ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ನದಿ ದಂಡೆಯ ಹಳ್ಳಿಗಳೇ ಮುಳುಗಿದವು. ಪ್ರವಾಹದಲ್ಲಿ ಜಾಕವೆಲ್, ಪಂಪ್‌ಮನೆ, ವಿದ್ಯುತ್ ಪರಿವರ್ತಕಗಳು ನೀರಿನೊಳಗೆ ಹೋಗುತ್ತವೆ. ಸುತ್ತ ನೀರಿದ್ದೂ ನಳ ಒಣಗುತ್ತದೆ. ನೀರಿಳಿದ ಮೇಲೆ ಪೈಪಿನಲ್ಲಿ ಸೇರಿದ ರಾಡಿ ಮನೆಮನೆಯ ಜಾಲರಿಗೆ ಬಂದು ಕೂರುತ್ತದೆ. ಹೌದ, ಟಾಕಿಗಳನ್ನು ಬರಿದು ಮಾಡಿ, ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆದು, ನಳದ ಬಾಯಿಗಳನ್ನು ಬಿಚ್ಚಿಟ್ಟು ಪೈಪುಗಳಲ್ಲಿ ನೀರು ಹಾಯಿಸಿದ ಮೇಲೆಯೇ ಬಳಸಬೇಕು.

ಹಳ್ಳಿಗಳಲ್ಲಿ 2019ರಲ್ಲಿ ಘೋಷಣೆಯಾದ ಜಲಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂಬ ಗುರಿಯಿಟ್ಟು ಮನೆಮನೆಗೆ ನಳ ತಂದಿದೆ. ಅಲ್ಲಿನ ಒತ್ತಡ ನೀರಗಂಟಿಯ ಕೈಯ ವಾಲ್ವಿನಲ್ಲಿದೆ. ದಿಬ್ಬದ ಮೇಲಿನ ಮನೆಗಳಿಗೂ ತಗ್ಗಿನವುಗಳಿಗೂ ಒಟ್ಟಿಗೇ ನೀರು ಬಿಟ್ಟರೆ ತಗ್ಗಿನ ಮನೆಗಳು ಎಲ್ಲವನ್ನೂ ಹಿಡಿಯುತ್ತವೆ. ದಿಬ್ಬಕ್ಕೆ ಬೇರೆ ವಾಲ್ವ್ ಹಾಕಿ, ಅದನ್ನು ಮೊದಲು ತೆರೆದು, ಅರ್ಧ ತಾಸಿನ ಮೇಲೆ ತಗ್ಗಿಗೆ ಬಿಟ್ಟರೆ ಅದೇ ಟಾಕಿಯ ನೀರು ಇಬ್ಬರಿಗೂ ಮುಟ್ಟುತ್ತದೆ. ಇದಕ್ಕೆ ಬೇಕಾದದ್ದು ಒಂದು ವಾಲ್ವ್ ಮತ್ತು ಗ್ರಾಮ ಪಂಚಾಯಿತಿಯ ಒಂದು ಠರಾವು.